ಅಕ್ಷರ ಬಂತು, ಓದು ಬಂತೇ?

ನವೆಂಬರ್ ತಿಂಗಳು ಬಂತೆಂದರೆ ಚೆನ್ನೈ ಮಹಾನಗರದ ಕನ್ನಡ ಸಂಘ ಸಂಸ್ಥೆಗಳಲ್ಲಿ ರಾಜ್ಯೋತ್ಸವದ ಸಡಗರ. ನಾಡಗೀತೆ, ಕೋಲಾಟ, ಛದ್ಮವೇಷ, ಹಿರಿಯರಿಗೆ ಶಾಲು ಹೊದಿಸಿ ಸನ್ಮಾನ, ಕೊನೆಗೆ ಬಿಸಿಬೇಳೆ ಭಾತಿನ ಊಟ. ವೇದಿಕೆಯಲ್ಲಿ ಹಾಡುವ ಮಕ್ಕಳ ಉಚ್ಚಾರ ಸ್ಪಷ್ಟ, ರಾಗ ಶುದ್ಧ. ಆದರೆ ಆ ಮಕ್ಕಳ ಕೈಯಲ್ಲಿರುವ ಚೀಟಿಯನ್ನು ಹತ್ತಿರದಿಂದ ನೋಡಿದವರಿಗೆ ಇನ್ನೊಂದು ವಿಷಯವೂ ಗೊತ್ತು. ಹಾಡು ಕನ್ನಡದ್ದು, ಚೀಟಿಯ ಅಕ್ಷರ ಮಾತ್ರ ಇಂಗ್ಲಿಷಿನದು. ಕೆಲವು ಮಕ್ಕಳದು ತಮಿಳಿನದು. ಇದನ್ನು ಕಂಡು ನಗುವವರೂ ಇದ್ದಾರೆ, ನೊಂದುಕೊಳ್ಳುವವರೂ ಇದ್ದಾರೆ. ಇದಕ್ಕೆ ಕಾರಣವೇನೆಂದು ಕೂತು ಲೆಕ್ಕ ಹಾಕಿದವರು ಕಡಿಮೆ.

ಅಡ್ಯಾರ್ ಪರಿಸರವನ್ನೇ ತೆಗೆದುಕೊಳ್ಳೋಣ. ಗಾಂಧಿನಗರ, ಕಸ್ತೂರಬಾ ನಗರ, ಇಂದಿರಾ ನಗರ, ಬೆಸೆಂಟ್ ನಗರ, ತಿರುವಾನ್ಮಿಯೂರುಗಳಲ್ಲಿ ಕನ್ನಡ ಮಾತಾಡುವ ಮನೆಗಳಿಗೆ ಬರವಿಲ್ಲ. ಹೋಟೆಲ್ ಉದ್ಯಮಕ್ಕೆಂದು ಉಡುಪಿ, ಕುಂದಾಪುರಗಳ ಕಡೆಯಿಂದ ಬಂದವರು, ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಇಲ್ಲೇ ನೆಲೆಸಿದವರು, ಐಐಟಿ ಮತ್ತು ಕೇಂದ್ರ ಚರ್ಮ ಸಂಶೋಧನಾಲಯದ ನೌಕರಿಗೆ ಬಂದವರು, ಈಚೆಗೆ ಹಳೇ ಮಹಾಬಲಿಪುರಂ ರಸ್ತೆಯ ಸಾಫ್ಟ್‌ವೇರ್ ಕಂಪೆನಿಗಳಿಗೆ ಬಂದ ಎಳೆಯ ದಂಪತಿಗಳು. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು 12 ಲಕ್ಷಕ್ಕೂ ಮಿಕ್ಕಿದ್ದಾರೆ. ಅಜ್ಜ ಊರಿನಿಂದ ಬಂದವರು, ಸುಧಾ, ತರಂಗ ಓದುತ್ತಾರೆ. ಮಗ ಅಂಗಡಿ ಫಲಕ, ಮದುವೆ ಕರೆಯೋಲೆ ಓದುತ್ತಾನೆ. ಮೊಮ್ಮಗಳಿಗೆ ಅಜ್ಜಿಯ ಮಾತು ಅರ್ಥವಾಗುತ್ತದೆ, ಅಜ್ಜಿ ಬರೆದದ್ದು ಅರ್ಥವಾಗುವುದಿಲ್ಲ. ಮೂರು ತಲೆಮಾರಿನಲ್ಲಿ ಆಗುವ ಈ ಇಳಿಕೆ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ ಬಗೆಯದು.

ಶಾಲೆಯಿಂದ ನೆರವು ನಿರೀಕ್ಷಿಸುವಂತಿಲ್ಲ. ತಮಿಳುನಾಡು ಸರ್ಕಾರದ 2006ರ ತಮಿಳು ಕಲಿಕೆ ಕಾಯ್ದೆಯಂತೆ 2006-07ರಲ್ಲಿ ಒಂದನೇ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಯಿತು. ಈ ನೆಲದಲ್ಲಿ ಬಾಳುವ ಮಗು ತಮಿಳು ಕಲಿಯುವುದು ಸರಿಯೇ, ಅದರಲ್ಲಿ ತಕರಾರು ಬೇಡ. ತಮಿಳೂ ಇಂಗ್ಲಿಷೂ ಮಾತೃಭಾಷೆಯಲ್ಲದ ಮಕ್ಕಳು ತಮ್ಮ ಭಾಷೆಯನ್ನು ನಾಲ್ಕನೇ ಭಾಗದಲ್ಲಿ ಐಚ್ಛಿಕವಾಗಿ ಓದಬಹುದೆಂದು ಅದೇ ಕಾಯ್ದೆಯಲ್ಲಿ ಇದೆಯೆಂಬುದು ಅನೇಕ ಪೋಷಕರಿಗೆ ತಿಳಿದಿಲ್ಲ. ತಿಳಿದರೂ, ಕಲಿಸುವ ಶಿಕ್ಷಕರು ಬೇಕಲ್ಲ! ಹೀಗಾಗಿ ಕನ್ನಡದ ಓದು ಬರಹದ ಹೊಣೆ ಮನೆಯ ಮೇಲೆ ಮತ್ತು ಸಂಘಗಳ ಭಾನುವಾರದ ತರಗತಿಯ ಮೇಲೆ ಬಿದ್ದಿದೆ.

ಭಾನುವಾರದ ಕನ್ನಡ ತರಗತಿಗಳ ಕಥೆ ಹೊರನಾಡಿನಲ್ಲಿ ಎಲ್ಲೆಡೆ ಒಂದೇ. ಜೂನ್ ತಿಂಗಳಲ್ಲಿ ಕೊಠಡಿ ತುಂಬಿರುತ್ತದೆ. ದಸರಾ ರಜೆ ಮುಗಿಯುವಾಗ ಅರ್ಧ. ಸಂಕ್ರಾಂತಿಯ ಹೊತ್ತಿಗೆ ಕಾರ್ಯದರ್ಶಿಯವರ ಮಕ್ಕಳು ಮತ್ತು ಪಾಠ ಮಾಡುವವರ ಮಕ್ಕಳು. ಪೋಷಕರ ಅಸಡ್ಡೆ, ಟ್ಯೂಷನ್, ಮೊಬೈಲ್ ಎಂದು ಕಾರಣ ಹೇಳಲಾಗುತ್ತದೆ. ಅದರಲ್ಲಿ ಸತ್ಯಾಂಶ ಇದೆ. ಆದರೆ ಅದೇ ಪೋಷಕರು ಅದೇ ಭಾನುವಾರ ಅದೇ ಮಗುವನ್ನು ಕರ್ನಾಟಕ ಸಂಗೀತಕ್ಕೂ ಚೆಸ್ ತರಗತಿಗೂ ತಪ್ಪದೆ ಕರೆದೊಯ್ಯುತ್ತಾರೆ. ಅಲ್ಲಿ ಮಗು ಏನು ಕಲಿತಿತೆಂಬುದು ಅವರಿಗೆ ಕಾಣುತ್ತದೆ. ಕನ್ನಡ ತರಗತಿಯಲ್ಲಿ ಆರು ತಿಂಗಳಾದರೂ ಮಗು ಒಂದು ಕಥೆಯನ್ನು ತಾನಾಗಿ ಓದಿದ್ದು ಕಾಣುವುದಿಲ್ಲ. ಕಲಿಸುವ ಕ್ರಮದ ಬಗ್ಗೆ ಪ್ರಶ್ನೆ ಏಳಬೇಕಾದದ್ದು ಇಲ್ಲಿ.

ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಶಾಲೆಯಲ್ಲಿ ದಿನಕ್ಕೆ 40 ನಿಮಿಷದ ಒಂದು ಭಾಷಾ ಪೀರಿಯಡ್, ವರ್ಷಕ್ಕೆ 200 ದಿನ ಎಂದರೆ 133 ಗಂಟೆ. ಭಾನುವಾರದ ತರಗತಿ ಒಂದೂವರೆ ಗಂಟೆ, ಹಬ್ಬ, ಪರೀಕ್ಷೆ, ಮಳೆ ಕಳೆದು 30 ಭಾನುವಾರ ಎಂದರೆ 45 ಗಂಟೆ. ಶಾಲೆಯ ಮಗುವಿಗೆ ಸಿಗುವುದರ ಮೂರನೇ ಒಂದು ಪಾಲು. ಈಗ ರೂಢಿಯ ಕ್ರಮ ನೋಡಿ. ಮೊದಲು ಅ ಆ ಇ ಈ, ಆಮೇಲೆ ಕ ಖ ಗ ಘ, ವರ್ಣಮಾಲೆ ಪೂರ್ತಿ. ಅದು ಮುಗಿದ ಮೇಲೆ ಕಾಗುಣಿತ. 34 ವ್ಯಂಜನಗಳಿಗೆ ಹನ್ನೆರಡರಂತೆ 408 ರೂಪಗಳು. ವಾರಕ್ಕೊಂದು ವ್ಯಂಜನದ ಕಾಗುಣಿತ ಬರೆಸಿದರೆ 34 ವಾರ ಬೇಕು, ವರ್ಷದಲ್ಲಿರುವುದೇ 30 ಭಾನುವಾರ. ಒತ್ತಕ್ಷರ ಇನ್ನೂ ಮುಟ್ಟಿಲ್ಲ. ‘ಅಮ್ಮ’ ಎಂಬ ಪದವನ್ನು ಓದುವ ಯೋಗ ಎರಡನೇ ವರ್ಷದ ಕೊನೆಗೆ. ಖಾತೆ ತೆರೆದು ಎರಡು ವರ್ಷ ಹಣ ಕಟ್ಟಿಸಿಕೊಂಡು ಒಂದು ರೂಪಾಯಿ ಬಡ್ಡಿಯನ್ನೂ ತೋರಿಸದ ಬ್ಯಾಂಕಿಗೆ ಯಾವ ಗಿರಾಕಿ ಬಂದಾನು?

ಓದು ಹೇಗೆ ಬರುತ್ತದೆ ಎಂಬುದು ಈಗ ಬರಿಯ ಊಹೆಯ ವಿಷಯವಾಗಿ ಉಳಿದಿಲ್ಲ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಇಬ್ಬರು ವಿದ್ವಾಂಸರು ಒಂದು ಸರಳ ಸೂತ್ರ ಮುಂದಿಟ್ಟರು. ಬರಹವನ್ನು ಧ್ವನಿಯಾಗಿ ಬಿಡಿಸುವ ಶಕ್ತಿ ಒಂದು, ಕೇಳಿದ ಭಾಷೆಯನ್ನು ಗ್ರಹಿಸುವ ಶಕ್ತಿ ಇನ್ನೊಂದು, ಓದೆಂಬುದು ಈ ಎರಡರ ಗುಣಲಬ್ಧ. ಗಮನಿಸಬೇಕು, ಇದು ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಒಂದು ಕಡೆ ಸೊನ್ನೆಯಾದರೆ ಇನ್ನೊಂದು ಕಡೆ ಎಷ್ಟಿದ್ದರೂ ಫಲ ಸೊನ್ನೆ. ಅಡ್ಯಾರ್‌ನ ಮಗುವಿಗೆ ಎರಡನೆಯದು ಸಾಕಷ್ಟಿದೆ, ಮೊದಲನೆಯದಿಲ್ಲ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ರಾಷ್ಟ್ರೀಯ ಓದು ಮಂಡಳಿ ನೂರಾರು ಅಧ್ಯಯನಗಳನ್ನು ಜಾಲಾಡಿ ಐದು ಅಂಶಗಳನ್ನು ಎತ್ತಿ ಹೇಳಿತು. ಮಾತಿನ ಧ್ವನಿಗಳನ್ನು ಬಿಡಿಬಿಡಿಯಾಗಿ ಗುರುತಿಸುವುದು, ಧ್ವನಿಗೂ ಅಕ್ಷರಕ್ಕೂ ಇರುವ ಸಂಬಂಧವನ್ನು ಕ್ರಮವಾಗಿ ಕಲಿಸುವುದು, ಸರಾಗ ಓದು, ಪದಸಂಪತ್ತು, ಗ್ರಹಿಕೆ. ಅಲ್ಲಿನ ಬಡ ರಾಜ್ಯ ಮಿಸಿಸಿಪ್ಪಿ 2013ರಲ್ಲಿ ಕಾನೂನು ಮಾಡಿ ಶಿಕ್ಷಕರಿಗೆ ಈ ಕ್ರಮದಲ್ಲಿ ತರಬೇತಿ ಕೊಟ್ಟಿತು, ಶಾಲೆಗಳಿಗೆ ಮಾರ್ಗದರ್ಶಕರನ್ನು ಕಳಿಸಿತು, ವರ್ಷದಲ್ಲಿ ಹಲವು ಬಾರಿ ಮಕ್ಕಳ ಓದನ್ನು ಅಳೆಯಿತು. ನಾಲ್ಕನೇ ತರಗತಿಯ ಓದಿನ ರಾಷ್ಟ್ರೀಯ ಪರೀಕ್ಷೆಯಲ್ಲಿ 2013ರಲ್ಲಿ 49ನೇ ಸ್ಥಾನದಲ್ಲಿದ್ದ ಆ ರಾಜ್ಯ 2024ರಲ್ಲಿ 9ನೇ ಸ್ಥಾನಕ್ಕೆ ಬಂತು. ಓದು ಬಾರದ ಮಗುವನ್ನು ಮೂರನೇ ತರಗತಿಯಲ್ಲೇ ಉಳಿಸಿಕೊಳ್ಳುವ ಅವರ ನಿಯಮದ ಬಗ್ಗೆ ವಾದ ವಿವಾದ ಇದೆ. ಸಂಘಗಳಿಗೆ ಅದು ಬೇಕಿಲ್ಲ.

ಆದರೆ ವಿದೇಶದ ಘೋಷಣೆಯನ್ನು ಹಾಗೆಯೇ ತಂದು ಕನ್ನಡಕ್ಕೆ ಅಂಟಿಸುವುದೂ ತಪ್ಪಾಗುತ್ತದೆ. ಇಂಗ್ಲಿಷ್ ಶಾಲೆಗಳಲ್ಲಿದ್ದ ರೋಗ ಬೇರೆ. ಅಲ್ಲಿ ಚಿತ್ರ ನೋಡಿ, ಮೊದಲ ಅಕ್ಷರ ನೋಡಿ ಪದವನ್ನು ಊಹಿಸು ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಆದ್ದರಿಂದ ಅಕ್ಷರ ಕಲಿಸಿ ಎಂಬ ಕೂಗು ಎದ್ದಿತು. ಕನ್ನಡದಲ್ಲಿ ಅಕ್ಷರ ಕಲಿಸುವುದನ್ನು ಯಾರೂ ಬಿಟ್ಟಿಲ್ಲ. ಇಲ್ಲಿನ ರೋಗ ಅಕ್ಷರದಲ್ಲೇ ಸಿಕ್ಕಿಕೊಂಡು ಪುಸ್ತಕಕ್ಕೆ ದಾಟದಿರುವುದು. ಕನ್ನಡದ ಲಿಪಿಯ ಸ್ವಭಾವವೇ ಬೇರೆ. ಇಂಗ್ಲಿಷಿನ 26 ಅಕ್ಷರ ಒಂದು ವರ್ಷದೊಳಗೆ ಮುಗಿಯುತ್ತವೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕನ್ನಡ ಮಾಧ್ಯಮದಲ್ಲೇ ಓದುವ ಮಕ್ಕಳಿಗೂ ಅಕ್ಷರಗಳ ಪೂರ್ಣ ಜ್ಞಾನ ಬರಲು ನಾಲ್ಕನೇ ತರಗತಿ ಮತ್ತು ಅದಕ್ಕೂ ಆಚೆಯವರೆಗೆ ಕಾಲ ಹಿಡಿಯುತ್ತದೆ. ಮೂಲಾಕ್ಷರ ಬೇಗ ಬರುತ್ತದೆ, ಸ್ವರಚಿಹ್ನೆ ಸೇರಿದ ರೂಪ ನಿಧಾನ, ಒತ್ತಕ್ಷರ ಎಲ್ಲಕ್ಕಿಂತ ತಡ. ಕರ್ನಾಟಕದೊಳಗೆ ದಿನವೂ ಶಾಲೆಗೆ ಹೋಗುವ ಮಗುವಿಗೇ ನಾಲ್ಕು ವರ್ಷವೆಂದಾದರೆ, ವಾರಕ್ಕೊಮ್ಮೆ ಬರುವ ಅಡ್ಯಾರ್‌ನ ಮಗು ಎಲ್ಲ ಅಕ್ಷರ ಮುಗಿಸಿ ಆಮೇಲೆ ಓದಲಿ ಎಂದು ಕಾಯುವುದು ಯಾವ ನ್ಯಾಯ?

ಯಾದಗಿರಿ ಜಿಲ್ಲೆಯಲ್ಲಿ ಕನ್ನಡ ಓದುವ ಮಕ್ಕಳನ್ನೂ ಮಹಾರಾಷ್ಟ್ರದ ವಾಡಾದಲ್ಲಿ ಮರಾಠಿ ಓದುವ ಮಕ್ಕಳನ್ನೂ ಶೈಲಜಾ ಮೆನನ್ ಮತ್ತು ಸಂಗಡಿಗರು 2013ರಿಂದ ಮೂರು ವರ್ಷ ಬೆನ್ನುಹತ್ತಿ ನೋಡಿದ ಇನ್ನೊಂದು ಅಧ್ಯಯನವಿದೆ. ಅದರ ವರದಿ 2017ರಲ್ಲಿ ಬಂತು. ಮೂರನೇ ತರಗತಿ ಮುಗಿಯುವಾಗಲೂ ಅನೇಕ ಮಕ್ಕಳಿಗೆ ತಮ್ಮ ತರಗತಿಯ ಪಾಠ ಓದಲಾಗುತ್ತಿರಲಿಲ್ಲ. ತರಗತಿಯ ಹೊತ್ತೆಲ್ಲ ಅಕ್ಷರ ತಿದ್ದುವುದರಲ್ಲಿ ಹೋಗುತ್ತಿತ್ತು. ಕಥೆ, ಮಾತುಕತೆ, ಸ್ವಂತ ಬರಹಕ್ಕೆ ಜಾಗ ತೀರಾ ಕಡಿಮೆ. ಮಕ್ಕಳಿಗೆ ಯೋಚಿಸುವ ಶಕ್ತಿ ಇದ್ದರೂ ಪುಸ್ತಕ ಅದನ್ನು ನಂಬಿರಲಿಲ್ಲ.

ಇದೇ ಮಾತನ್ನು ಎರಡು ನೂರು ವರ್ಷಗಳ ಹಿಂದೆಯೇ ಒಬ್ಬ ಆಂಗ್ಲ ಅಧಿಕಾರಿ ಬರೆದಿಟ್ಟಿದ್ದ ಎಂದರೆ ಆಶ್ಚರ್ಯವಾದೀತು. ಬಳ್ಳಾರಿ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಊರ ಶಾಲೆಗಳ ಗಣತಿಗೆ ಆಜ್ಞೆ ಮಾಡಿದಾಗ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ವರದಿ ಕೊಟ್ಟರು. ಜಿಲ್ಲೆಯಲ್ಲಿ 533 ಶಾಲೆಗಳು, ಅವುಗಳಲ್ಲಿ ಕನ್ನಡದ್ದು 235, ತೆಲುಗಿನದು 226. ನೆಲದ ಮರಳಿನ ಮೇಲೆ ಬೆರಳಿನಿಂದ ಬರೆಸಿ ಖರ್ಚಿಲ್ಲದೆ ಅಕ್ಷರ ಕಲಿಸುವುದನ್ನೂ, ಮುಂದಿನ ಹುಡುಗ ಹಿಂದಿನವನಿಗೆ ಹೇಳಿಕೊಡುವುದನ್ನೂ ಅವರು ಮೆಚ್ಚಿದ್ದಾರೆ. ಆದರೆ ಮಕ್ಕಳು ಬಾಯಿಪಾಠ ಒಪ್ಪಿಸುವ ಪದ್ಯಗಳ ಕಾವ್ಯಭಾಷೆ ಅವರಿಗೆ ಅರ್ಥವಾಗುವುದಿಲ್ಲ, ಹಲವು ಕಡೆ ಕಲಿಸುವವರಿಗೂ ಅರ್ಥವಾಗಿಲ್ಲ, ಪುಸ್ತಕಗಳೂ ಸರಿಯಿಲ್ಲ, ತರಬೇತಾದ ಗುರುಗಳೂ ಇಲ್ಲ ಎಂದು ಕೊರತೆಯನ್ನೂ ಬರೆದಿದ್ದಾರೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಪಠ್ಯಕ್ರಮ ಮತ್ತು ಶಿಕ್ಷಕರ ತರಬೇತಿ, ಎರಡೂ ದುರ್ಬಲ.

ಮರಳಿನ ಮೇಲೆ ಬರೆಯುವ ಕ್ರಮ ಚೆನ್ನೈ ನಗರದಿಂದಲೇ ಜಗತ್ತಿಗೆ ಹೋಯಿತೆಂಬುದು ಇಲ್ಲಿನ ನಿವಾಸಿಗಳು ಹೆಮ್ಮೆಪಡಬೇಕಾದ ಸಂಗತಿ. ಎಗ್ಮೋರಿನ ಸೈನಿಕ ಅನಾಥಾಲಯದ ಶಾಲೆಯನ್ನು 1789ರಲ್ಲಿ ವಹಿಸಿಕೊಂಡ ಪಾದ್ರಿ ಆಂಡ್ರ್ಯೂ ಬೆಲ್, ಊರ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಅಕ್ಷರ ಬರೆಯುವುದನ್ನು ಕಂಡರು. ತಮ್ಮ ಶಾಲೆಯಲ್ಲೂ ಹಾಗೆಯೇ ಕಲಿಸಿ ಎಂದರೆ ಉಪಾಧ್ಯಾಯರು ಒಪ್ಪಲಿಲ್ಲ. ಕೊನೆಗೆ ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನ ಕೈಯಲ್ಲೇ ಪಾಠ ಹೇಳಿಸಿದರು, ಅದು ಫಲಿಸಿತು. 1797ರಲ್ಲಿ ಲಂಡನ್ನಿನಲ್ಲಿ ಅವರು ಅಚ್ಚು ಹಾಕಿಸಿದ ವರದಿಯಿಂದ ‘ಮದರಾಸು ಪದ್ಧತಿ’ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆಲ್ಲ ಹಬ್ಬಿತು.

ಇನ್ನು ಅಡ್ಯಾರ್. ಥಿಯಸಾಫಿಕಲ್ ಸೊಸೈಟಿಯ ಆಲದ ಮರ ನೋಡಲು ಊರಿನಿಂದ ಬಂದ ನೆಂಟರನ್ನು ಕರೆದೊಯ್ಯದ ಕನ್ನಡಿಗರಿಲ್ಲ. ಅದೇ ಆವರಣಕ್ಕೆ 1939ರ ನವೆಂಬರಿನಲ್ಲಿ ಇಟಲಿಯ ಮಾರಿಯಾ ಮಾಂಟೆಸರಿ ಬಂದಿಳಿದರು. ದೇಶದ ನಾನಾ ಕಡೆಗಳಿಂದ ಬಂದ ಸುಮಾರು 300 ಶಿಕ್ಷಕರಿಗೆ ಮೊದಲ ತರಬೇತಿ ನಡೆಯಿತು. ಕೆಲವು ತಿಂಗಳಿಗೆಂದು ಬಂದವರು ಮಹಾಯುದ್ಧದ ಕಾರಣ ಶತ್ರುದೇಶದ ಪ್ರಜೆಯೆನಿಸಿ 1946ರವರೆಗೆ ಭಾರತದಲ್ಲೇ ಉಳಿಯಬೇಕಾಯಿತು. ಅವರ ಕ್ರಮದಲ್ಲಿ ಮಗು ಉಪ್ಪುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರದ ಮೇಲೆ ಬೆರಳಾಡಿಸುತ್ತದೆ, ಆಡಿಸುತ್ತಾ ಅದರ ಹೆಸರನ್ನಲ್ಲ, ಧ್ವನಿಯನ್ನು ಹೇಳುತ್ತದೆ. ಬಿಡಿ ಅಕ್ಷರಗಳನ್ನು ಜೋಡಿಸಿ ತನ್ನ ಮಾತನ್ನು ತಾನೇ ಪದವಾಗಿಸುತ್ತದೆ. ಮರಳಿಗೂ ಉಪ್ಪುಕಾಗದಕ್ಕೂ ಹೆಚ್ಚು ದೂರವೇನಿಲ್ಲ. ಕೈಯಿಂದ ಬರೆದ ಅಕ್ಷರ ಕಣ್ಣಿಗೆ ಬೇಗ ಗುರುತು ಸಿಗುತ್ತದೆಂದು ಈಚಿನ ಪ್ರಯೋಗಗಳೂ ತೋರಿಸಿವೆ. ವಿಜಯದಶಮಿಯಂದು ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸುವ ಹಿರಿಯರು ದಡ್ಡರಾಗಿರಲಿಲ್ಲ. ಆ ಅಕ್ಕಿಯ ತಟ್ಟೆಯನ್ನು ಮರುದಿನವೇ ಒಳಗಿಡುವುದು ಮಾತ್ರ ಇಂದಿನವರ ಆತುರ.

ಅಡ್ಯಾರ್‌ಗೂ ಕನ್ನಡ ಶಾಲೆಗೂ ಇನ್ನೊಂದು ನಂಟಿದೆ. 1909ರಲ್ಲಿ ಇಲ್ಲಿನ ಸಮುದ್ರ ದಂಡೆಯಲ್ಲಿ ಥಿಯಸಾಫಿಸ್ಟರ ಕಣ್ಣಿಗೆ ಬಿದ್ದ ಬಾಲಕ ಜೆ. ಕೃಷ್ಣಮೂರ್ತಿ. ಮುಂದೆ ಅವರ ಹುಟ್ಟೂರು ಮದನಪಲ್ಲಿಯ ಹತ್ತಿರ ಬೆಳೆದ ರಿಷಿ ವ್ಯಾಲಿ ಶಾಲೆಯವರು ಸುತ್ತಲ ಹಳ್ಳಿಯ ಏಕೋಪಾಧ್ಯಾಯ ಶಾಲೆಗಳಿಗಾಗಿ ಕಾರ್ಡು, ಮೆಟ್ಟಿಲುಗಳ ಒಂದು ಕಲಿಕಾ ಕ್ರಮ ರೂಪಿಸಿದರು. ಅದನ್ನು ನೋಡಿ ಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ‘ನಲಿ ಕಲಿ’ ಆರಂಭಿಸಿದರು. 2009-10ರಲ್ಲಿ ಅದು ಕರ್ನಾಟಕದ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗೆಲ್ಲ ಬಂತು. ಅದೇ ರಿಷಿ ವ್ಯಾಲಿಯ ಮಾದರಿಯಲ್ಲಿ ಚೆನ್ನೈ ಕಾರ್ಪೊರೇಷನ್ ಶಾಲೆಗಳಲ್ಲಿ 2003ರಲ್ಲಿ ಚಟುವಟಿಕೆ ಆಧಾರಿತ ಕಲಿಕೆ ಶುರುವಾಗಿ 2007ರಲ್ಲಿ ರಾಜ್ಯಕ್ಕೆಲ್ಲ ಹರಡಿತು. ಬೇರೆಡೆ ಇಷ್ಟೆಲ್ಲ ನಡೆಯುತ್ತಿದ್ದಾಗ ಸಂಘಗಳ ಭಾನುವಾರದ ಹಲಗೆಯ ಮೇಲೆ ಮಾತ್ರ ಅ, ಅಗಸ, ಆ, ಆನೆ.

ಹಾಗೆಂದು ನಲಿ ಕಲಿ ಪರಿಪೂರ್ಣವೆಂದಲ್ಲ. ಮೇಲೆ ಹೇಳಿದ ಯಾದಗಿರಿಯ ಶಾಲೆಗಳಲ್ಲಿ ಇದ್ದದ್ದೂ ನಲಿ ಕಲಿಯೇ. ಹೆಸರು ಬದಲಾದ ಮಾತ್ರಕ್ಕೆ ಓದು ಬರುವುದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಆದರೂ ಅದರಿಂದ ಎತ್ತಿಕೊಳ್ಳಬೇಕಾದ ಒಂದು ವಿಷಯ ಅಕ್ಷರಗಳ ಸರಣಿ. ವರ್ಣಮಾಲೆಯ ಸಾಲಿನ ಬದಲು ರ, ಗ, ಸ, ದ, ಅ ಎಂದು ಆರಂಭ. ಈ ಐದರಲ್ಲೇ ಸರ, ಅರಸ, ಅಗಸ, ಗರಗಸ ಬಂದುಬಿಡುತ್ತವೆ. ಸ್ವರಚಿಹ್ನೆಗಳಿಗೆ ಮೂಲಾಕ್ಷರವೆಲ್ಲ ಮುಗಿಯಲೆಂದು ಕಾಯದೆ, ಎರಡನೇ ವಾರವೇ ದೀರ್ಘವನ್ನೂ ಗುಡಿಸನ್ನೂ ಕೊಟ್ಟರೆ ಏನಾಗುತ್ತದೆ ನೋಡಿ. ರಾಗಿ, ದಾರಿ, ಸರಿ, ಗಿರಿ, ದಾಸ, ಸಾಗರ. ಇಷ್ಟೇ ಅಲ್ಲ, ‘ಅರಸ ಸಾಗಿದ ದಾರಿ’ ಎಂಬ ಸಾಲನ್ನೇ ಮಗು ಓದುತ್ತದೆ. ಐದು ಅಕ್ಷರ, ಎರಡು ಚಿಹ್ನೆ. ಮನೆಗೆ ಹೋಗಿ ಅಜ್ಜಿಯ ಮುಂದೆ ಓದಿ ತೋರಿಸಲು ಅದು ಸಾಕು. ಚಿಹ್ನೆ ಹನ್ನೆರಡೂ ಒಂದೇ ನಿಯಮದಂತೆ ಎಲ್ಲ ವ್ಯಂಜನಕ್ಕೂ ಹತ್ತುತ್ತವೆ ಎಂಬುದು ಮಗುವಿಗೆ ಹೊಳೆದ ಮೇಲೆ 408 ರೂಪಗಳನ್ನು ಕಾಗುಣಿತದ ಪಟ್ಟಿಯಾಗಿ ಬರೆಸುವ ಅಗತ್ಯವೇ ಬೀಳದು. ಕೆಲವು ವಕ್ರ ರೂಪಗಳನ್ನೂ, ಮ, ಯ, ವ ಅಕ್ಷರಗಳ ಸುತ್ತಿನ ಗೊಂದಲವನ್ನೂ ಪ್ರತ್ಯೇಕವಾಗಿ ತಿದ್ದಿದರೆ ಆಯಿತು.

ಕರ್ನಾಟಕದ ಪಠ್ಯಪುಸ್ತಕವನ್ನೇ ತರಿಸಿದರೂ ಇಲ್ಲಿ ಮಾರ್ಪಾಡು ಬೇಕು, ಏಕೆಂದರೆ ಅಡ್ಯಾರ್‌ನ ಮಗು ಖಾಲಿ ಕೈಯಲ್ಲಿ ಬರುವುದಿಲ್ಲ. ಶಾಲೆಯಲ್ಲಿ ತಮಿಳು ಓದಲು ಕಲಿತಿರುತ್ತದೆ. ವ್ಯಂಜನಕ್ಕೆ ಚಿಹ್ನೆ ಸೇರಿ ಸ್ವರ ಬದಲಾಗುವ ತತ್ವ ತಮಿಳಿನಲ್ಲೂ ಅದೇ. ಎ ಮತ್ತು ಏ, ಒ ಮತ್ತು ಓ ಬೇರೆಬೇರೆ ಎಂಬುದನ್ನು ಹಿಂದಿಯಿಂದ ಬಂದ ಮಗುವಿಗೆ ಹೊಸದಾಗಿ ಹೇಳಬೇಕು, ತಮಿಳಿನ ಮಗುವಿಗೆ ಅದು ಮೊದಲೇ ಗೊತ್ತು. ಎಡವುವುದು ಬೇರೆಡೆ. ತಮಿಳಿನಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ, ತ ಮತ್ತು ದ ಹಾಗೆಯೇ, ಪ ಮತ್ತು ಬ ಹಾಗೆಯೇ. ಮಹಾಪ್ರಾಣವಿಲ್ಲ. ಹೀಗಾಗಿ ಮಗು ‘ಗಡಿ’ಯನ್ನು ‘ಕಡಿ’ ಎಂದು ಬರೆದರೆ ಅದು ದಡ್ಡತನವಲ್ಲ, ತಮಿಳಿನ ಅಭ್ಯಾಸ. ‘ಅಕ್ಕ’ ಎಂಬ ಪದ ಎರಡು ಭಾಷೆಯಲ್ಲೂ ಇದೆ. ತಮಿಳಿನಲ್ಲಿ ಚುಕ್ಕಿ ಹೊತ್ತ ಅಕ್ಷರ ಪಕ್ಕದಲ್ಲಿ ನಿಲ್ಲುತ್ತದೆ, ಕನ್ನಡದಲ್ಲಿ ಎರಡನೆಯದು ಒತ್ತಾಗಿ ಕೆಳಗೆ ಹೋಗುತ್ತದೆ. ಇದನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಲು ಐದು ನಿಮಿಷ ಸಾಕು. ಅಕ್ಕ, ಅಮ್ಮ, ಅಣ್ಣ, ಅಪ್ಪ, ಅತ್ತೆ ಎಂದು ಮನೆಮಂದಿಯನ್ನೇ ಕರೆದು ಒತ್ತಕ್ಷರ ಕಲಿಸಬಹುದು, ಅದಕ್ಕೆ ಎರಡನೇ ವರ್ಷದವರೆಗೆ ಕಾಯಬೇಕಿಲ್ಲ. ಕೆಲವು ಹಿರಿಯರು ತರಗತಿಯಲ್ಲಿ ತಮಿಳು ಸುಳಿಯಕೂಡದೆಂದು ಹಟ ಹಿಡಿಯುತ್ತಾರೆ. ಅವರ ಅಭಿಮಾನಕ್ಕೆ ಗೌರವವಿದೆ, ಆದರೆ ಮಗುವಿನ ತಲೆಯಲ್ಲಿ ಈಗಾಗಲೇ ಇರುವ ಬಂಡವಾಳವನ್ನು ಬಳಸದೆ ಬಿಡುವುದು ನಷ್ಟದ ವ್ಯಾಪಾರ.

ಇನ್ನು ಗ್ರಹಿಕೆಯ ಕಡೆ. ಮನೆಯಲ್ಲಿ ಕುಂದಾಪುರದ ಕನ್ನಡವೋ ಧಾರವಾಡದ ಕನ್ನಡವೋ ಮೈಸೂರಿನದೋ, ಕೆಲವು ಮನೆಗಳಲ್ಲಿ ತುಳು ಅಥವಾ ಕೊಂಕಣಿ. ಪುಸ್ತಕದ ‘ಹೋಗುತ್ತಾನೆ’ ಮಗುವಿನ ಕಿವಿಗೆ ಹೊಸದು. ಆದ್ದರಿಂದ ಪ್ರತಿ ಭಾನುವಾರ ಹತ್ತು ನಿಮಿಷ ದೊಡ್ಡವರೊಬ್ಬರು ಗಟ್ಟಿಯಾಗಿ ಕಥೆ ಓದಬೇಕು, ಮಕ್ಕಳು ಕೇಳಬೇಕು, ಆ ಬಗ್ಗೆ ಮಾತಾಡಬೇಕು. ಓದಲು ಪುಸ್ತಕವೆಲ್ಲಿ ಎಂಬ ಪ್ರಶ್ನೆ ಹಿಂದೆ ಇತ್ತು. ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಬರೆಯುತ್ತಿದ್ದಾಗ ದಕ್ಷಿಣ ಕನ್ನಡ ಇದೇ ಮದರಾಸು ಪ್ರಾಂತದಲ್ಲಿತ್ತು. ಈಗ ಕೊರತೆಯಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ನಾಲ್ಕು ಹಂತದ ಕನ್ನಡ ಕಥೆಗಳನ್ನು ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು. ಚೆನ್ನೈಯಲ್ಲೇ ಇರುವ ತೂಲಿಕಾ ಪ್ರಕಾಶನ ಕನ್ನಡದಲ್ಲೂ ಚಿತ್ರಪುಸ್ತಕ ತರುತ್ತದೆ. ಸಂಘಗಳ ಗ್ರಂಥಾಲಯದ ಕಪಾಟಿನಲ್ಲಿ ಹಳೆಯ ಕಾದಂಬರಿಗಳ ಪಕ್ಕ ಇಂಥ ಐವತ್ತು ತೆಳು ಪುಸ್ತಕಗಳಿಗೆ ಜಾಗ ಮಾಡುವುದು ದೊಡ್ಡ ಖರ್ಚಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಅಳತೆ. 2005ರಿಂದ ಪ್ರಥಮ್ ಸಂಸ್ಥೆ ಗ್ರಾಮೀಣ ಭಾರತದಲ್ಲಿ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ ಸಾಧನ ಒಂದೇ ಹಾಳೆ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಸಣ್ಣ ಪರಿಚ್ಛೇದ, ಎರಡನೇ ತರಗತಿ ಮಟ್ಟದ ಕಥೆ ಎಂದು ನಾಲ್ಕು ಮೆಟ್ಟಿಲು. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಆ ಹಾಳೆಯಿಂದಲೇ ದೇಶಕ್ಕೆ ತಿಳಿದದ್ದು: ಮೂರನೇ ತರಗತಿಯ ನೂರು ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಸುಮಾರು 27, ಕೊರೋನಾ ನಂತರ 2022ರಲ್ಲಿ ಸುಮಾರು 20, 2024ರಲ್ಲಿ ಮತ್ತೆ 27. ಕೇಂದ್ರದ ನಿಪುಣ್ ಭಾರತ್ 2021ರಲ್ಲಿ, ತಮಿಳುನಾಡಿನ ‘ಎಣ್ಣುಂ ಎಳುತ್ತುಂ’ 2022ರಲ್ಲಿ ಬಂದದ್ದು ಈ ಚಿಂತೆಯಿಂದಲೇ. ತಮಿಳುನಾಡಿನವರು ಮಕ್ಕಳನ್ನು ಅರುಂಬು, ಮೊಟ್ಟು, ಮಲರ್ ಎಂದು ಕಲಿಕೆಯ ಮಟ್ಟದಂತೆ ಗುಂಪು ಮಾಡಿದರು. ಹೆಸರುಗಳು ಚೆನ್ನಾಗಿವೆ, ಮಲರ್ ಎಂದರೆ ಹಳಗನ್ನಡದ ಅಲರ್. ಭಾನುವಾರದ ತರಗತಿಯಲ್ಲಿ ಆರು ವರ್ಷದವರೂ ಹದಿಮೂರರವರೂ ಒಂದೇ ಚಾಪೆಯಲ್ಲಿ ಕೂರುತ್ತಾರೆ. ವಯಸ್ಸಿನಂತೆ ಅಲ್ಲ, ಓದುವ ಮಟ್ಟದಂತೆ ವಿಂಗಡಿಸಿ ಕಲಿಸಿದರೆ ಫಲ ಹೆಚ್ಚೆಂಬುದು ಈ ದೇಶದಲ್ಲೇ ಪರೀಕ್ಷೆಯಾಗಿ ಸಿದ್ಧಪಟ್ಟ ವಿಷಯ. ವಡೋದರ ಮತ್ತು ಮುಂಬೈಯಲ್ಲಿ 2001ರಿಂದ ಹಿಂದುಳಿದ ಮಕ್ಕಳಿಗೆ ಸ್ಥಳೀಯ ಯುವತಿಯರಿಂದ ಪಾಠ ಹೇಳಿಸಿ ಅಳೆದ ಪ್ರಯೋಗದಿಂದ ಆ ಸರಣಿ ಮೊದಲಾಯಿತು. ಅದರಲ್ಲಿದ್ದ ಅಭಿಜಿತ್ ಬ್ಯಾನರ್ಜಿ, ಎಸ್ತೆರ್ ಡುಫ್ಲೊ ಅವರಿಗೆ 2019ರಲ್ಲಿ ನೊಬೆಲ್ ಬಂತು. ಕಲಿಸಿದ ಆ ಯುವತಿಯರು ಪದವೀಧರ ಶಿಕ್ಷಕರೇನಲ್ಲ ಎಂಬುದನ್ನು ಗಮನಿಸಬೇಕು.

ಈ ಮಾತು ಸಂಘಗಳಲ್ಲಿ ಕನ್ನಡ ಕಲಿಸುವ ಗೃಹಿಣಿಯರಿಗೆ, ನಿವೃತ್ತರಿಗೆ ಧೈರ್ಯ ತರಬೇಕು. ಸಂಭಾವನೆ ಇಲ್ಲದೆ, ಭಾನುವಾರದ ಬೆಳಗನ್ನು ಬಿಟ್ಟುಕೊಟ್ಟು ಬರುವ ಅವರ ಸೇವೆ ಶ್ಲಾಘನೀಯ. ಅವರ ಕೈಗೆ ಒಂದು ಕ್ರಮವಾದ ಪಠ್ಯ ಕೊಡದೆ, ಈ ವರ್ಷ ಒಬ್ಬರು ಬಾಲಬೋಧೆ, ಮುಂದಿನ ವರ್ಷ ಇನ್ನೊಬ್ಬರು ತಮ್ಮ ಕಾಲದ ಪುಸ್ತಕ ಎಂದು ಬಿಟ್ಟದ್ದು ಆಡಳಿತ ಮಂಡಳಿಗಳ ಲೋಪ. ಎಷ್ಟು ಮಕ್ಕಳು ಸೇರಿದರು ಎಂದು ವಾರ್ಷಿಕ ವರದಿಯಲ್ಲಿ ಬರೆಯಲಾಗುತ್ತದೆ, ಎಷ್ಟು ಮಕ್ಕಳು ಓದಿದರು ಎಂಬ ಕಾಲಂ ಇಲ್ಲ. ರಾಜ್ಯೋತ್ಸವದ ಖರ್ಚಿಗೆ ಪೈಸೆ ಪೈಸೆಗೂ ವೋಚರ್ ಕೇಳುವ ಸದಸ್ಯರು ಈ ಕಾಲಂ ಬಗ್ಗೆ ಮಹಾಸಭೆಯಲ್ಲಿ ಎದ್ದು ಕೇಳಿದ್ದು ಅಪರೂಪ.

ಪೋಷಕರ ಪಾಲೂ ಇದೆ, ಅದು ಅವರು ಅಂದುಕೊಂಡಷ್ಟು ಭಾರವಲ್ಲ. ದಿನಕ್ಕೆ ಹತ್ತು ನಿಮಿಷ, ವರ್ಷದಲ್ಲಿ 300 ದಿನ ಮಗುವಿನ ಪಕ್ಕದಲ್ಲಿ ಕೂತು ಓದಿಸಿದರೆ 50 ಗಂಟೆಯಾಗುತ್ತದೆ. ಭಾನುವಾರದ ತರಗತಿಯ 45 ಗಂಟೆಗಿಂತ ಅದು ಹೆಚ್ಚು. ಕನ್ನಡ ಓದಲು ತಮಗೇ ಬಾರದ ತಾಯ್ತಂದೆಯರು ಮಗುವಿನ ಜೊತೆಗೇ ರ, ಗ, ಸ, ದ, ಅ ಕಲಿಯುವುದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಅಜ್ಜ ಅಜ್ಜಿ ಊರಿನಲ್ಲಿದ್ದರೆ ಫೋನಿನಲ್ಲಿ ಓದಿ ಕೇಳಿಸಬಹುದು.

ಮಹಾಸಭೆಗಳಿಗೆ ಇನ್ನೂ ಸಮಯವಿದೆ. ಕಾರ್ಯಸೂಚಿಯಲ್ಲಿ ಮೂರು ವಿಷಯ ಸೇರಿಸಲು ಸಾಧ್ಯ. ಮೇ ರಜೆಯಲ್ಲಿ ಕಲಿಸುವವರಿಗೆ ಎರಡು ದಿನದ ತರಬೇತಿ. ಮದರಾಸು ವಿಶ್ವವಿದ್ಯಾಲಯದ ಕನ್ನಡ ವಿಭಾಗದವರ ಸಲಹೆ ಕೇಳಲು ಅಡ್ಯಾರ್‌ನಿಂದ ಮರೀನಾ ಏನೂ ದೂರವಲ್ಲ. ಒಂದೇ ಪಠ್ಯಕ್ರಮವನ್ನು ಕನಿಷ್ಠ ಮೂರು ವರ್ಷ ಬದಲಿಸದೆ ನಡೆಸುವ ನಿರ್ಣಯ. ಮತ್ತು ಪ್ರತಿ ಮಗುವಿನ ಹೆಸರಿನಲ್ಲಿ ಪಾಸ್‌ಬುಕ್ಕಿನಂಥ ಒಂದು ಪುಟ್ಟ ಪುಸ್ತಕ, ಅದರಲ್ಲಿ ಜೂನ್, ಅಕ್ಟೋಬರ್, ಫೆಬ್ರವರಿ ಎಂದು ಮೂರು ಸಾಲು, ಯಾವ ಮೆಟ್ಟಿಲಲ್ಲಿದೆ ಎಂಬ ನಮೂದು, ಪೋಷಕರ ಸಹಿ. ಜೂನ್ ಮೊದಲ ಭಾನುವಾರ ಭಾಷಣ, ಪ್ರಾರ್ಥನೆಗಳ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡರೆ ಇಪ್ಪತ್ತು ಮಕ್ಕಳ ಮೊದಲ ನಮೂದು ಅಂದೇ ಮುಗಿಯುತ್ತದೆ, ನಾಲ್ವರು ಸ್ವಯಂಸೇವಕರು ಸಿಕ್ಕರೆ.